ಕೈ ಎತ್ತಿ ನಿಂತವಳ ಜೊತೆ ಚೆಕ್ ದೇಶಕ್ಕೆ

ಪೀಣ್ಯ: ಹೊರಡುವ ಮುನ್ನ

ಹೊಸೂರು ರಸ್ತೆ ದಾಟಲು ಬಾರದವರು ಸಿಂಗಸಂದ್ರದಲ್ಲಿ ಮನೆ ಮಾಡಬಾರದು. ನಾನು ಮನೆ ಮಾಡಿದ ಮೇಲೆ ಕಲಿತೆ. ಕಲಿಸಿದವರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೆಂಗಸರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈ ಮುಂದೆ ಚಾಚಿ, ಬರುತ್ತಿರುವ ಲಾರಿಗೆ ಅಂಗೈ ತೋರಿಸಿ ಅವರು ರಸ್ತೆಗೆ ಇಳಿದೇಬಿಡುತ್ತಾರೆ. ಲಾರಿ ನಿಲ್ಲುತ್ತದೆ, ಇಲ್ಲವೇ ನಿಲ್ಲುವ ಹಾಗೆ ನಟಿಸುತ್ತದೆ. ಆ ಅಂಗೈಯನ್ನು ದಿನಾ ನೋಡಿ ನೋಡಿ ಒಂದು ಶನಿವಾರ ಅದನ್ನು ತಗಡಿನಲ್ಲಿ ಕತ್ತರಿಸಿದೆ. ಆಮೇಲೆ ಅದಕ್ಕೊಂದು ತೋಳು, ತೋಳಿಗೊಂದು ಹೆಂಗಸು, ಹೆಂಗಸಿಗೊಂದು ರಸ್ತೆ ಬೇಕಾಯಿತು. ಕೊನೆಗೆ ಒಂದು ಪೆಟ್ಟಿಗೆಯ ಮೇಲೆ ಅವಳನ್ನು ನಿಲ್ಲಿಸಿದೆ. ಪೆಟ್ಟಿಗೆಯ ಪಕ್ಕದ ಹಿಡಿಕೆ ತಿರುಗಿಸಿದರೆ ಅವಳು ಕೈ ಎತ್ತಿ ಈ ಬದಿಯಿಂದ ಆ ಬದಿಗೆ ನಡೆಯುತ್ತಾಳೆ.

ನೀವು ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ತಡವರಿಕೆ. ವಾರವಿಡೀ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಆಸ್ಪತ್ರೆಯ ಯಂತ್ರಗಳ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು ಎಂದು ಯೋಚಿಸುವ ಕೆಲಸ. ಭಾನುವಾರ ಬೇಗೂರಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ರಂಗಸಜ್ಜಿಕೆ, ಬೆಳಕು. ನಡುವಿನ ಶನಿವಾರ ಬೆಂಗಳೂರಿನ ಈ ತುದಿಯಿಂದ ಆ ತುದಿಗೆ, ಪೀಣ್ಯಕ್ಕೆ. ಅಲ್ಲಿ ಬಸವರಾಜಣ್ಣನ ಶೆಡ್ ಇದೆ. ನಮ್ಮ ರಾಣೆಬೆನ್ನೂರಿನ ಕಡೆಯವರು, ದೂರದ ಸಂಬಂಧ. ಕರೆಂಟಿನ ಬೋರ್ಡುಗಳಿಗೆ ತಗಡಿನ ಪೆಟ್ಟಿಗೆ ಮಾಡಿಕೊಡುತ್ತಾರೆ. ಕತ್ತರಿಸಿ ಉಳಿದ ತಗಡು ಮತ್ತು ಶೆಡ್ಡಿನ ಒಂದು ಮೂಲೆ ನನ್ನದು. "ಒಂದ್ ಕಡೆ ನೆಟ್ಟಗೆ ನಿಂತ್ಕೊಳ್ಳೇ ಗಿರಿಜಾ, ಹಿಂಗ್ ಮೂರ್ ಕಡೆ ಓಡಾಡ್ತಿದ್ರೆ ಎಲ್ಲೂ ಉದ್ಧಾರ ಆಗಲ್ಲ" ಎಂದು ಆಫೀಸಿನ ಗೆಳತಿಯರು ಹೇಳುತ್ತಲೇ ಇರುತ್ತಾರೆ. ನಿಲ್ಲಬೇಕಾದ ಆ ಒಂದು ಕಡೆ ಯಾವುದು ಎಂದು ಕೇಳಿದರೆ ಮಾತ್ರ ಅವರಿಗೂ ಗೊತ್ತಿಲ್ಲ.

ಈ ವರ್ಷ ಆ ಮೂಲೆಗೇ ಸಂಚಕಾರ ಬಂತು. ಶೆಡ್ಡಿಗೆ ತಗಡು ಬಗ್ಗಿಸುವ ಹೊಸ ಮಷಿನ್ ಬರುವುದಿತ್ತು, ಅದಕ್ಕೆ ಬೇರೆ ಜಾಗ ಇರಲಿಲ್ಲ. ಅದೇ ಹೊತ್ತಿಗೆ ಚೆಕ್ ದೇಶದ ಸಣ್ಣ ಊರೊಂದರಿಂದ ಆಹ್ವಾನವೂ ಬಂತು. ಕೈಯಾರೆ ಮಾಡಿದ, ಆಡುವ ಗೊಂಬೆಗಳನ್ನು ಅಲ್ಲಿ ವರ್ಷಕ್ಕೊಮ್ಮೆ ಒಂದೆಡೆ ಇಡುತ್ತಾರಂತೆ. ನಾನು ಕಳಿಸಿದ್ದ ವಿಡಿಯೋ ಅವರಿಗೆ ಹಿಡಿಸಿತ್ತು. ನಾನು ಕುಣಿಯುತ್ತ ಶೆಡ್ಡಿಗೆ ಹೋಗಿ ಹೇಳಿದೆ. ಬಸವರಾಜಣ್ಣ ಕನ್ನಡಕ ಒರೆಸಿಕೊಂಡರು.

"ನೋಡವಾ ತಂಗಿ, ನಾವೆಲ್ಲ ನಿನ್ನ ಮುಖ ನೋಡಿ ನಗತೀವಿ. ಅಲ್ಲಿ ನಿನ್ನ ಗುರುತಿಲ್ಲದ ಮಂದಿ ಇರತಾರ. ಮೊದಲ್ನೇ ಸಲ ಯಾರಾದ್ರೂ ಮರ್ಯಾದೆಗೆ ಹಿಡಿಕಿ ತಿರುಗಿಸ್ತಾರ, ಅದು ಲೆಕ್ಕಕ್ಕಿಲ್ಲ. ತಾವಾಗೇ ಎರಡ್ನೇ ಸಲ ತಿರುಗಿಸಿದ್ರ ಅದು ಖರೇ. ಅಂಥಾ ಒಬ್ಬರ ವಿಡಿಯೋ ಮಾಡ್ಕೊಂಡು ಬಾ, ಮೂಲಿ ನಿಂದು. ಇಲ್ಲಾಂದ್ರ ಮಷಿನ್ ಇಳಸ್ತೀನಿ."

ಒಬ್ಬರು, ಎರಡನೇ ಸಲ. ಇಷ್ಟು ಸುಲಭದ ಷರತ್ತು ಯಾರು ಹಾಕುತ್ತಾರೆ ಎಂದು ನಾನು ಒಳಗೊಳಗೇ ನಕ್ಕೆ.

ಹೊರಡುವ ದಿನ ಶೆಡ್ಡಿನ ಹಳೆಯ ಫಿಟ್ಟರ್ ಹನುಮಂತಪ್ಪ ನನ್ನ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ದೇವರ ಪಟದ ಮುಂದೆ ಇಟ್ಟಿದ್ದರು. ಅವರು ಕೊಪ್ಪಳದ ಕಡೆಯವರು, ರಾಜಗೋಪಾಲನಗರದಲ್ಲಿ ಬಾಡಿಗೆ ಕೋಣೆ. ಕುಂಕುಮ ಇಡದ ಮಷಿನ್ನಿನ ಗುಂಡಿಯನ್ನು ಅವರು ಮುಟ್ಟುವುದಿಲ್ಲ. ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಹಿಡಿಕೆಗೆ ಧಾರಾಳವಾಗಿ ಕುಂಕುಮ, ಮೇಲೆ ಒಡೆದ ತೆಂಗಿನಕಾಯಿಯ ನೀರಿನ ಪ್ರೋಕ್ಷಣೆ. "ದೂರದ ದೇಶ ರೀ ಮೇಡಂ, ದೃಷ್ಟಿ ಆಗಬಾರದು" ಎಂದರು. ನನ್ನ ಕಣ್ಣು ತುಂಬಿ ಬಂತು. ಕುಂಕುಮ ಒರೆಸದೆ ಪೆಟ್ಟಿಗೆಯನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಕೊಂಡೆ.

ವಿಮಾನ ಬದಲಿಸಿದಲ್ಲಿ

ಪೆಟ್ಟಿಗೆಯನ್ನು ಸಾಮಾನಿನ ಜೊತೆ ಹಾಕಲು ಮನಸ್ಸಾಗದೆ ತೊಡೆಯ ಮೇಲಿಟ್ಟುಕೊಂಡೇ ಬಂದೆ. ನಡುದಾರಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಬಟ್ಟೆ ಬಿಚ್ಚಿ ಹಿಡಿಕೆಯನ್ನು ದಿಟ್ಟಿಸಿದ. ಈ ಕೆಂಪು ಪುಡಿ ಏನು ಎಂದ. ದೇವರದು ಎಂದೆ. ಯಾವ ದೇವರದು ಎಂದು ಕೇಳುವನೇನೋ ಎಂದು ಉತ್ತರ ಜೋಡಿಸಿಕೊಳ್ಳುತ್ತಿದ್ದೆ, ಅವನು ಕೇಳಲಿಲ್ಲ. ಕಾಗದದ ಪಟ್ಟಿಯಿಂದ ಕುಂಕುಮವನ್ನು ಚೂರು ಒರೆಸಿ ಆ ಪಟ್ಟಿಯನ್ನು ಒಂದು ಯಂತ್ರದೊಳಗೆ ತೂರಿಸಿದ. ಹನುಮಂತಪ್ಪನ ಕುಂಕುಮ ಸಿಡಿಮದ್ದಲ್ಲ ಎಂದು ಯಂತ್ರ ಒಪ್ಪಿತು.

ಆಮೇಲೆ ಅವನು ಹಿಡಿಕೆ ತಿರುಗಿಸಿದ! ಗುರುತಿಲ್ಲದ ಮನುಷ್ಯ! ನಾನು ಗಡಿಬಿಡಿಯಲ್ಲಿ ಫೋನು ತೆಗೆಯುವಷ್ಟರಲ್ಲಿ ನನ್ನ ಹೆಂಗಸು ರಸ್ತೆ ದಾಟಿ ಆಗಿತ್ತು, ಅವನು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ ಮುಂದಿನ ಚೀಲಕ್ಕೆ ಹೋಗಿದ್ದ. ಒಂದೇ ಸಲ. ಅದೂ ಕರ್ತವ್ಯಕ್ಕೆ. ನಾನೂ ಒಮ್ಮೆ ತಿರುಗಿಸಿ ನೋಡಿದೆ, ಹಿಡಿಕೆ ಚೂರು ಬಿಗಿ ಅನ್ನಿಸಿತು. ಏಸಿಯ ಚಳಿಗೆ ಇರಬೇಕು ಎಂದುಕೊಂಡು ಕಟ್ಟಿಟ್ಟೆ.

ಜೀಬ್ರಾ ಪಟ್ಟಿ

ಆ ಊರಿನ ಹೆಸರಿನಲ್ಲಿ ವ್ಯಂಜನಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ನನ್ನ ನಾಲಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ರೈಲು ನಿಲ್ದಾಣಕ್ಕೆ ಬಂದವರು ಯಾರ್ಮಿಲಾ. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕೆಲಸದಲ್ಲಿ ಹಲ್ಲಿನ ಡಾಕ್ಟರು, ಜೊತೆಗೆ ಮರದ ಗೊಂಬೆ ಮಾಡುವವರು. ನಾನು ಉಳಿಯಬೇಕಾದದ್ದು ಅವರ ಮನೆಯಲ್ಲಿ. ಅವರ ಅರೆಬರೆ ಇಂಗ್ಲಿಷು, ನನ್ನ ಆಫೀಸಿನ ಇಂಗ್ಲಿಷು, ಉಳಿದದ್ದಕ್ಕೆ ಕೈಬಾಯಿ ಸನ್ನೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು, ನಮ್ಮ ಮನೆಗೇ ಬಂದಷ್ಟು ಖುಷಿಯಾಯಿತು. ಮರುಕ್ಷಣ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟರು.

ಅಲ್ಲಿಯ ಜನ ಹೆಚ್ಚು ನಗುವುದಿಲ್ಲ, ಆದರೆ ನಮಸ್ಕಾರ ಹೇಳದೆ ಯಾವ ಬಾಗಿಲನ್ನೂ ದಾಟುವುದಿಲ್ಲ. ಲಿಫ್ಟಿಗೆ ಕಾಲಿಟ್ಟರೆ "ದೋಬ್ರಿ ದೆನ್". ಬ್ರೆಡ್ ಅಂಗಡಿಗೆ ಹೋದರೆ ಸಾಲಿನಲ್ಲಿ ನಿಂತವರೆಲ್ಲರಿಗೂ "ದೋಬ್ರಿ ದೆನ್". ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾವೆಲ್ಲ ಮಹಡಿಯ ನಂಬರನ್ನು ಎಂಥ ಭಕ್ತಿಯಿಂದ ನೋಡುತ್ತೇವೆ ಎಂದು ನೆನೆದು ನಗು ಬಂತು.

ಆ ಮಧ್ಯಾಹ್ನ ಒಬ್ಬಳೇ ಊರು ನೋಡಲು ಹೊರಟೆ. ಮುಖ್ಯರಸ್ತೆಯಲ್ಲಿ ಜೀಬ್ರಾ ಪಟ್ಟಿ ಬಳಿದಿದ್ದ ಕಡೆ ಅಂಚಿಗೆ ಬಂದು, ಎಷ್ಟು ವಾಹನ ಬರುತ್ತಿವೆ, ಯಾವುದರ ಮುಂದೆ ನುಗ್ಗಬಹುದು ಎಂದು ರೂಢಿಯಂತೆ ಅಂದಾಜು ಮಾಡುತ್ತ ನಿಂತೆ. ಬಸ್ಸೊಂದು ನಿಂತಿತು. ಅದರ ನಿಲ್ದಾಣ ಇಲ್ಲಿರಬೇಕು ಎಂದುಕೊಂಡೆ. ಬಾಗಿಲು ತೆರೆಯಲಿಲ್ಲ. ನೀವು ಹೋಗಿ ಎಂದು ಡ್ರೈವರನಿಗೆ ಕೈ ಮಾಡಿದೆ. ನೀವು ಹೋಗಿ ಎಂದು ಅವನು ಕೈ ಮಾಡಿದ. ನಾನು ಮತ್ತೆ ಮಾಡಿದೆ, ಅವನೂ ಮಾಡಿದ. ಹಿಂದೆ ಕಾರುಗಳ ಸಾಲು ಬೆಳೆಯಿತು. ಒಂದಾದರೂ ಹಾರ್ನ್? ಊಹ್ಞೂಂ. ಆ ಮೌನ ತಡೆಯಲಾರದೆ, ಸೆರಗಿಲ್ಲದ ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿ, ಆಗಲೇ ನಿಂತಿದ್ದ ಬಸ್ಸಿಗೆ ಅಂಗೈ ತೋರಿಸುತ್ತ ಓಡಿ ದಾಟಿದೆ.

ಎದುರಿನ ಅಂಗಡಿಯಿಂದ ಯಾರ್ಮಿಲಾ ನೋಡುತ್ತಿದ್ದರು. "ಡ್ರೈವರ್ ನಿನಗೆ ಪರಿಚಯನಾ? ಯಾಕೆ ಟಾಟಾ ಮಾಡಿದೆ?" ಎಂದರು.

ನನ್ನ ಗೊಂಬೆ ಇಡೀ ಜನ್ಮದಲ್ಲಿ ಮಾಡುವುದೇ ಅದೊಂದು ಅಂಗೈ. ರಸ್ತೆಯಂಚಿಗೆ ಬಂದವರನ್ನು ಕಂಡರೆ ಸಾಕು ಬಸ್ಸು ತಾನಾಗಿ ನಿಲ್ಲುವ ಊರಿಗೆ ನಾನು ಅದನ್ನು ತೋರಿಸಲು ಬಂದಿದ್ದೆ.

ಕಡುಬಿನ ಊಟ

ಶುಕ್ರವಾರ ಮಧ್ಯಾಹ್ನವಾಗುತ್ತಲೇ ಆ ಊರಿಗೆ ಬೇರೆಯೇ ಜೀವ ಬರುತ್ತದೆ. ಯಾರ್ಮಿಲಾ ದವಾಖಾನೆಗೆ ಬೀಗ ಹಾಕಿ ಹಿತ್ತಲಿನ ಮರಗೆಲಸದ ಕೊಟ್ಟಿಗೆ ಹೊಕ್ಕರು. ಅಂಚೆ ಕಚೇರಿಯ ಹೆಂಗಸು ಜೇನುಪೆಟ್ಟಿಗೆಗಳ ಹತ್ತಿರ ಹೋದಳು. ಪಕ್ಕದ ಮನೆಯ ಲೆಕ್ಕಪತ್ರದವನು ಬಿಚ್ಚಿಟ್ಟ ಹಳೆಯ ಮೋಟಾರ್ ಸೈಕಲ್ಲಿನ ನಡುವೆ ಪದ್ಮಾಸನ ಹಾಕಿದ. ಬೀದಿಯ ಉದ್ದಕ್ಕೂ ಕುಟ್ಟುವ, ಕೊರೆಯುವ, ಉಜ್ಜುವ ಸದ್ದು. ಕಣ್ಣು ಮುಚ್ಚಿದರೆ ಪೀಣ್ಯದ ಎರಡನೇ ಹಂತ! ನನಗೆ ಮೈಯೆಲ್ಲ ಪುಳಕ. ಇಷ್ಟೊಂದು ಜನ ತಮ್ಮ ಎರಡನೇ ಕೆಲಸವನ್ನು ಬಾಗಿಲು ತೆರೆದಿಟ್ಟು, ಯಾರಿಗೂ ಸಮಜಾಯಿಷಿ ಕೊಡದೆ ಮಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಸ್ಯಾಹಾರಿ ಎಂದಾಗಿನಿಂದ ಎಲ್ಲರೂ ನನಗೆ ಕರಿದ ಚೀಸಿನ ತುಂಡು ತಿನ್ನಿಸುತ್ತಿದ್ದರು. ಅವತ್ತು ಯಾರ್ಮಿಲಾ ನನಗಾಗಿಯೇ ಬೇರೆ ಅಡಿಗೆ ಮಾಡಿದ್ದರು. ತಟ್ಟೆಯಲ್ಲಿ ಬಿಳಿ ಉಂಡೆಗಳು, ಒಳಗೆ ಇಡೀ ಪ್ಲಮ್ ಹಣ್ಣು, ಮೇಲೆ ಸಕ್ಕರೆ ಮತ್ತು ಕಾಯಿಸಿದ ಬೆಣ್ಣೆ. ನಮ್ಮ ಕಡುಬೇ. ತಿಂದು ಮುಗಿಸಿ, ಸಿಹಿ ಆಯಿತು, ಇನ್ನು ಅನ್ನ ಸಾರು ಬರಬಹುದು ಎಂದು ಕೈ ಕಟ್ಟಿ ಕಾದೆ. ಅವರು ತಟ್ಟೆ ಎತ್ತಿಕೊಂಡು ಹೋದರು. ಊಟ ಅಷ್ಟೇ. ಸಿಹಿಯೇ ಊಟ.

"ನಿಮ್ಮ ನಿಜವಾದ ಕೆಲಸ ಯಾವುದು, ಹಲ್ಲೋ ಗೊಂಬೆಯೋ?" ಎಂದು ಅವರನ್ನು ಕೇಳಿದೆ. ಬೆಂಗಳೂರಲ್ಲಿ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ.

ಅವರಿಗೆ ಪ್ರಶ್ನೆ ಅರ್ಥವಾಗಲು ಹೊತ್ತು ಹಿಡಿಯಿತು. "ಹಲ್ಲು ನಂಗೆ ಇಕ್ಕಟ್ಟಲ್ಲಿ ಕೆಲಸ ಮಾಡೋದು ಕಲಿಸ್ತು. ಗೊಂಬೆ ಮಾಡೋಕೆ ಶುರು ಮಾಡಿದ್ಮೇಲೆ ರೋಗಿಯ ಬಾಯಿ ನೋಡೋ ಮುಂಚೆ ಮುಖ ನೋಡ್ತೀನಿ. ಅವರು ಎಲ್ಲಿ ಹೆದರಿದಾರೆ ಅಂತ ಗೊತ್ತಾಗುತ್ತೆ. ಇದರಲ್ಲಿ ಯಾವುದನ್ನ ಸುಳ್ಳು ಅನ್ನಲಿ?" ಎಂದರು. ಆ ಮಾತನ್ನು ಅಲ್ಲೇ ಬಿಟ್ಟು ಚಾಕು ಮಸೆಯಲು ಎದ್ದರು. ನನಗೆ ಮಾತ್ರ ಎದ್ದು ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಶಾಲೆಯ ಸಭಾಂಗಣ

ಶನಿವಾರ ಬೆಳಿಗ್ಗೆ ಊರಿನ ಶಾಲೆಯ ಸಭಾಂಗಣದಲ್ಲಿ ಮೇಜುಗಳು ಸಾಲಾಗಿ ನಿಂತಿದ್ದವು. ಮರದ ಮೀನು ಬಾಯಿ ತೆರೆಯುತ್ತಿತ್ತು, ಕುಡುಕನೊಬ್ಬ ಏಣಿ ಹತ್ತಿ ಜಾರುತ್ತಿದ್ದ. ಎಲ್ಲವನ್ನೂ ಮುಟ್ಟಬಹುದು, ಆಡಿಸಬಹುದು. ಮಾಡಿದವರು ಮೇಜಿನ ಹಿಂದೆ ನಿಲ್ಲಬೇಕು.

ಜನ ನನ್ನ ಮೇಜಿಗೂ ಬಂದರು. ನಮಸ್ಕಾರ ಹೇಳಿದರು, ಹಿಡಿಕೆ ತಿರುಗಿಸಿದರು. ಹೆಂಗಸು ಕೈ ಎತ್ತಿಕೊಂಡು ಸರಸರನೆ ರಸ್ತೆ ದಾಟಿದಳು. ತಲೆಯಾಡಿಸಿ ಮುಂದೆ ಹೋದರು. "ಯಾರಿಗೆ ಟಾಟಾ ಮಾಡ್ತಿದಾಳೆ?" ಎಂದು ಅಜ್ಜಿಯೊಬ್ಬರು ಕೇಳಿದ್ದನ್ನು ಯಾರ್ಮಿಲಾ ಅನುವಾದಿಸಿದರು. ಹೊಸೂರು ರಸ್ತೆ, ಲಾರಿ, ಸೆರಗು ಎಲ್ಲವನ್ನೂ ಹೇಳಿಬಿಡಲು ನಾಲಗೆ ತುದಿಗೆ ಬಂದಿತ್ತು. ತುಟಿ ಕಚ್ಚಿ ನಿಂತೆ. ನನ್ನ ಆಫೀಸಿನ ಕೆಲಸದಲ್ಲಿ ಮೊದಲು ಕಲಿಸುವ ಪಾಠ ಅದು. ಹೊಸ ಪರದೆಯನ್ನು ನರ್ಸಮ್ಮ ಮೊದಲ ಸಲ ಮುಟ್ಟುವಾಗ ನಾವು ಪಕ್ಕದಲ್ಲಿ ನಿಂತು ವಿವರಿಸುವಂತಿಲ್ಲ. ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದು ಸುಮ್ಮನೆ ನೋಡಬೇಕು. ನೋಡಿದೆ. ಯಾರ ಬೆರಳೂ ಎಲ್ಲೂ ತಡೆಯಲಿಲ್ಲ, ಒಂದು ಸುತ್ತು ತಿರುಗಿಸಿ ಬಿಟ್ಟುಬಿಡುತ್ತಿತ್ತು. ಪೀಣ್ಯದ ಮೂಲೆಯಲ್ಲಿ ಮಷಿನ್ ಇಳಿಯುವ ಸದ್ದು ನನಗೆ ಕೇಳಿಸತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಹಿಡಿಕೆ ಇನ್ನೂ ಬಿಗಿಯಾಗುತ್ತ ಬಂತು. ಆಗ ಹಸಿರು ಟೊಪ್ಪಿಗೆಯ ಮುದುಕರೊಬ್ಬರು ಸಣ್ಣಕಾಲಿನ ನಾಯಿಯನ್ನು ಹಿಡಿದುಕೊಂಡು ಬಂದರು. ಅಲ್ಲಿ ನಾಯಿಗಳಿಗೆ ರೈಲು, ಹೋಟೆಲು, ಸಭಾಂಗಣ ಎಲ್ಲ ಕಡೆಗೂ ಪ್ರವೇಶವಿದೆ. ಮುದುಕರು ಹಿಡಿಕೆ ತಿರುಗಿಸಿದರು. ಹೆಂಗಸು ಹೊರಟಳು, ರಸ್ತೆಯ ನಟ್ಟನಡುವೆ ಬಂದಳು, ಅಲ್ಲಿ ಸಿಕ್ಕಿಕೊಂಡಳು. ಕೈ ಮೇಲೆತ್ತಿ ನಿಂತವಳು ಮುಂದೆ ಹೋಗಲೊಲ್ಲಳು, ಹಿಂದೆಯೂ ಬರಲೊಲ್ಲಳು. ಮುದುಕರು ಮೆಲ್ಲಗೆ ಒತ್ತಿದಾಗ ನಿಂತಲ್ಲೇ ನಡುಗಿದಳು. ಅವರು ಉಸಿರು ಹಿಡಿದು, ಬಗ್ಗಿ ಅವಳ ಕಣ್ಣಿನ ಮಟ್ಟಕ್ಕೆ ಬಂದರು. ಬರುತ್ತಿರುವುದು ಏನೋ ದೊಡ್ಡದು ಎಂಬಂತೆ ಅತ್ತ ಕಡೆ ತಿರುಗಿ ನೋಡಿದರು! ಮತ್ತೊಮ್ಮೆ ಒತ್ತಿದರು. ಹೆಂಗಸು ಒಂದೇ ಜಿಗಿತಕ್ಕೆ ಆಚೆ ಬದಿ ಸೇರಿದಳು. "ಹಾ!" ಎಂದು ಅವರು ಬಿಟ್ಟ ಉಸಿರಿಗೆ ನಾಯಿ ಬೊಗಳಿತು, ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು.

ಮುದುಕರ ಕೈ ಮತ್ತೆ ಹಿಡಿಕೆಗೆ ಹೋಯಿತು. ಎರಡನೇ ಸಲ! ನಾನು ಫೋನು ಹುಡುಕುತ್ತಿದ್ದೆ. ಅವರು ತಿರುಗಿಸಲು ನೋಡಿದರು, ಹಿಡಿಕೆ ಜಗ್ಗಲಿಲ್ಲ. ಪೂರ್ತಿ ಕಚ್ಚಿಕೊಂಡಿತ್ತು. ತಾನು ಮುರಿದುಬಿಟ್ಟೆನೇನೋ ಎಂದು ಅವರು ಟೊಪ್ಪಿಗೆ ತೆಗೆದು ಕ್ಷಮೆ ಕೇಳಿ ಹೊರಟುಹೋದರು. ನನಗೆ ಅಳು, ಕುಣಿತ ಎರಡೂ ಒಟ್ಟಿಗೆ ಬರುತ್ತಿದ್ದವು.

ಹಲ್ಲಿನ ಕುರ್ಚಿ

ಹೊರಗೆ ಇನ್ನೂ ಬಿಸಿಲಿರುವಾಗಲೇ ಯಾರ್ಮಿಲಾ ನನ್ನನ್ನೂ ಪೆಟ್ಟಿಗೆಯನ್ನೂ ದವಾಖಾನೆಗೆ ಕರೆದುಕೊಂಡು ಹೋದರು. ಪೆಟ್ಟಿಗೆಯನ್ನು ರೋಗಿಯ ಕುರ್ಚಿಯ ಮೇಲೆ ಮಲಗಿಸಿ ಮೇಲಿನ ದೀಪ ಹಾಕಿದರು. ತಳ ಬಿಚ್ಚಿದೆವು. ಸರಳು ತಿರುಗುವ ಎರಡೂ ಬೇರಿಂಗುಗಳಲ್ಲಿ ಕೆಂಪಗೆ ಗಟ್ಟಿಯಾಗಿದ್ದನ್ನು ಕಂಡು ಅವರು ಬೆಚ್ಚಿ "ರಕ್ತಾನಾ?" ಎಂದರು.

ಹನುಮಂತಪ್ಪನ ಕುಂಕುಮ! ಕಾಯಿನೀರು, ಎಣ್ಣೆ, ಕುಂಕುಮ ಕಲೆತು ಒಳ್ಳೆ ಅರಗಿನಂತೆ ಕೂತಿತ್ತು. ಪೂಜೆಯ ವಿಷಯ ಹೇಳಿದಾಗ ಯಾರ್ಮಿಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಿಂದ ಅದನ್ನೆಲ್ಲ ಎಬ್ಬಿಸಿ ತೆಗೆದರು. ನನ್ನ ಹೆಂಗಸಿಗೆ ರೂಟ್ ಕೆನಾಲ್ ಆಯಿತು. ಹಿಡಿಕೆ ಬೆಣ್ಣೆಯಂತೆ ತಿರುಗಿತು, ಹೆಂಗಸು ಸರಸರನೆ ದಾಟಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಈಗ ಇವಳಿಗೆ ಭಯನೇ ಇಲ್ಲ" ಎಂದರು ಯಾರ್ಮಿಲಾ.

ಅದೇ ನಿಜ. ಹೊಸೂರು ರಸ್ತೆಯನ್ನು ಹೀಗೆ ಸರಾಗವಾಗಿ ಯಾರು ದಾಟುತ್ತಾರೆ? ಎಲ್ಲರೂ ನಡುವೆ ಒಮ್ಮೆ ನಿಂತೇ ನಿಲ್ಲುತ್ತಾರೆ. ಬೇಗೂರಿನ ನಾಟಕಗಳಲ್ಲಿ ಪಾತ್ರದ ಮಾತು ಮುಗಿದ ಮೇಲೂ ದೀಪವನ್ನು ಒಂದು ಉಸಿರು ಹೆಚ್ಚು ಹಿಡಿದು ನಿಲ್ಲಿಸುವವಳು ನಾನು. ಆ ಒಂದು ಉಸಿರಿನಲ್ಲೇ ಪ್ರೇಕ್ಷಕರು ಮುಂದಕ್ಕೆ ಬಾಗುವುದು. ಭಾನುವಾರದ ಆ ಬುದ್ಧಿಯನ್ನು ಶನಿವಾರದ ತಗಡಿಗೆ ನಾನು ಹಚ್ಚಿರಲೇ ಇಲ್ಲ. ಪೀಣ್ಯದ ಯಂತ್ರ ಎಲ್ಲೂ ತಡೆಯಬಾರದು ಎಂದು ನಾನೇ ನಂಬಿಕೊಂಡಿದ್ದೆ.

ಒಳಗಿನ ಸರಳಿನ ಮೇಲೆ ಮೊಟ್ಟೆಯಾಕಾರದ ತಗಡಿನ ಬಿಲ್ಲೆಗಳಿವೆ, ಅವೇ ಅವಳ ಕೈಕಾಲನ್ನು ಆಡಿಸುವುದು. ಹಲ್ಲು ಕೊರೆಯುವ ಯಂತ್ರ ಹಿಡಿದು ಒಂದು ಬಿಲ್ಲೆಯ ಅಂಚನ್ನು ಕೊರೆದೆ. ಇನ್ನು ಹಿಡಿಕೆ ತಿರುಗುತ್ತಿದ್ದರೂ ಅವಳು ನಡುರಸ್ತೆಯಲ್ಲಿ ನಿಲ್ಲುವಂತಾಯಿತು. ಇನ್ನೊಂದು ತುಂಡು ಸೇರಿಸಿ, ನಿಂತಾಗ ಕತ್ತು ಎಡಕ್ಕೆ ಬಲಕ್ಕೆ ಹೊರಳುವಂತೆ ಮಾಡಿದೆ. ಯಾರ್ಮಿಲಾ ಪುಟ್ಟ ಕನ್ನಡಿ ಹಿಡಿದು ಕಾಣದ ಜಾಗ ತೋರಿಸುತ್ತ, "ಬಾಯಿ ದೊಡ್ಡದಾಗಿ ತೆಗಿ" ಎಂದು ಗೊಂಬೆಗೆ ಹೇಳುತ್ತಿದ್ದರು. ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿದ ನೆನಪಿಲ್ಲ. ನನ್ನ ಮೂರೂ ಕೆಲಸಗಳು ಮೊದಲ ಬಾರಿಗೆ ಒಂದೇ ಕುರ್ಚಿಯ ಸುತ್ತ ನಿಂತಿದ್ದವು.

ಹನುಮಂತಪ್ಪನಿಗೆ ಫೋನು ಮಾಡಿ ನಡೆದದ್ದು ಹೇಳಿದೆ. "ಅಯ್ಯ, ಎಂಥಾ ಕೆಲಸ ಆತಲ್ರೀ ಮೇಡಂ" ಎಂದರು. ಕುಂಕುಮದಿಂದಲೇ ಗೊಂಬೆಗೆ ಒಳ್ಳೆಯದಾದದ್ದು ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಎರಡನೇ ಸಲ

ಭಾನುವಾರ ಹಸಿರು ಟೊಪ್ಪಿಗೆಯ ಮುದುಕರು ನಾಯಿಯ ಸಮೇತ ಮತ್ತೆ ಬಂದರು. ಗೊಂಬೆ ಸರಿಹೋಯಿತೇ ಎಂದು ನೋಡಲು ಬಂದಿದ್ದರಂತೆ. ಈ ಸಲ ನಾನು ಫೋನನ್ನು ಮರದ ಮೀನಿಗೆ ಒರಗಿಸಿ ಮೊದಲೇ ಚಾಲೂ ಮಾಡಿದ್ದೆ.

ಅವರು ತಿರುಗಿಸಿದರು. ಹೆಂಗಸು ಹೊರಟಳು, ನಡುವೆ ನಿಂತಳು, ಕೈ ಎತ್ತಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಮುದುಕರು ಉಸಿರು ಹಿಡಿದರು. ಹಿಂದೆ ನಿಂತಿದ್ದವರೂ ಹಿಡಿದರು. ಓಡಿದಳು. "ಹಾ!" ಅವರು ಹಿಡಿಕೆಯಿಂದ ಕೈ ತೆಗೆದು ಗಡ್ಡ ತುರಿಸಿಕೊಂಡರು. ಟೊಪ್ಪಿಗೆ ಸರಿಪಡಿಸಿಕೊಂಡರು. ನನ್ನ ಹೃದಯದ ಬಡಿತ ವಿಡಿಯೋದಲ್ಲಿ ಕೇಳಿಸುತ್ತದೆ ಎಂದೇ ನನ್ನ ನಂಬಿಕೆ. ಅವರು ಬಗ್ಗಿ ಹಿಡಿಕೆ ಹಿಡಿದು ಎರಡನೇ ಸಲ ತಿರುಗಿಸಿದರು. ಆಮೇಲೆ ಮೂರನೇ ಸಲವೂ ತಿರುಗಿಸಿದರು. ನಾನು ನಾಚಿಕೆ ಬಿಟ್ಟು ಅತ್ತೆ.

ಸಂಜೆ ಗಂಟುಮೂಟೆ ಕಟ್ಟಿ ಹೊರಗೆ ಬಂದಾಗ ಅವರು ನಾಯಿಯೊಂದಿಗೆ ರಸ್ತೆಯಂಚಿನಲ್ಲಿ ನಿಂತಿದ್ದರು. ಬಸ್ಸು ಎಂದಿನಂತೆ ತಾನಾಗಿ ನಿಂತಿತ್ತು. ಮುದುಕರು ನನ್ನನ್ನು ನೋಡಿ, ಬಲಗೈ ಚಾಚಿ, ನಿಂತ ಬಸ್ಸಿಗೆ ಅಂಗೈ ತೋರಿಸುತ್ತ ಗಂಭೀರವಾಗಿ ರಸ್ತೆಗಿಳಿದರು. ನಡುವೆ ನಿಂತು ಎಡಕ್ಕೂ ಬಲಕ್ಕೂ ನೋಡುವುದನ್ನು ಮರೆಯಲಿಲ್ಲ. ಡ್ರೈವರ್ ಎರಡೂ ಕೈ ಮೇಲೆತ್ತಿದ.

ಮತ್ತೆ ಪೀಣ್ಯ

ವಿಡಿಯೋವನ್ನು ಅವತ್ತೇ ಬಸವರಾಜಣ್ಣನಿಗೆ ಕಳಿಸಿದ್ದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಬೆಂಗಳೂರಿಗೆ ಬಂದು, ಸಿಂಗಸಂದ್ರದ ಮನೆಗೆ ಚೀಲ ಎಸೆದು, ಶನಿವಾರ ಬೆಳಿಗ್ಗೆ ಮೆಟ್ರೋ ಹತ್ತಿದೆ. ಪೀಣ್ಯದಲ್ಲಿಳಿದು ಶೆಡ್ಡಿನವರೆಗೆ ಓಡುವ ನಡಿಗೆ.

ಬಾಗಿಲಲ್ಲೇ ದೊಡ್ಡ ಮರದ ಪೆಟ್ಟಿಗೆ. ಹೊಸ ಮಷಿನ್ ಬಂದಿತ್ತು. ನಾನು ಹೊಸ್ತಿಲ ಹೊರಗೇ ನಿಂತೆ.

"ಅಲ್ಲೇ ಯಾಕ ನಿಂತಿ, ಒಳಗ ಬಾ" ಎಂದರು ಬಸವರಾಜಣ್ಣ. ಅವರ ಮೇಜು, ಕುರ್ಚಿ, ಫ್ಯಾನು ಎಲ್ಲ ಶೆಡ್ಡಿನ ನಡುವೆ ಬಯಲಿನಲ್ಲಿದ್ದವು. ಗಾಜಿನ ಆಫೀಸು ಕೋಣೆಯ ಗೋಡೆಯನ್ನು ಬಿಚ್ಚಿ ಹಾಕಿದ್ದರು. "ಮಷಿನ್ ನನ್ನ ಆಫೀಸಿನ ಜಾಗಾದಾಗ ಇಳಸ್ತೀನಿ. ಮಾತು ಅಂದ್ರ ಮಾತು. ಎಲ್ಲಿ, ಕೊಡಿಲ್ಲಿ ಅದನ್ನ."

ಅವರು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಒಂದು ಸಲ ತಿರುಗಿಸಿದರು. ಹೆಂಗಸು ನಡುರಸ್ತೆಯಲ್ಲಿ ನಿಂತಾಗ ತಗಡು ಒತ್ತುತ್ತಿದ್ದ ಪ್ರೆಸ್ಸನ್ನು ನಿಲ್ಲಿಸಿ ಕೆಲಸದವರೆಲ್ಲ ಬಂದು ಸುತ್ತುವರಿದರು. ಬಸವರಾಜಣ್ಣ ಕನ್ನಡಕ ಒರೆಸಿಕೊಂಡು, ಯಾರನ್ನೂ ನೋಡದೆ, ಎರಡನೇ ಸಲ ತಿರುಗಿಸಿದರು.

ನಾನು ಮೂಲೆಯ ಕಡೆ ನಡೆದೆ. ತಗಡಿನ ಚೂರುಗಳನ್ನೆಲ್ಲ ಗುಡಿಸಿ ನೆಲ ತೊಳೆದಿದ್ದರು. ಅಲ್ಲಿ ಏನೂ ಇರಲಿಲ್ಲ. ಬರಿ ಸಿಮೆಂಟಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ದೊಡ್ಡ ಕುಂಕುಮ, ಪಕ್ಕದಲ್ಲಿ ಒಡೆದ ಕಾಯಿ. ಹನುಮಂತಪ್ಪ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದು ನಿಂತರು.

"ಈ ಸಲ ನೆಲಕ್ಕ ಹಚ್ಚೀನ್ರಿ ಮೇಡಂ" ಎಂದರು. "ನೆಲದಾಗ ಬೇರಿಂಗ್ ಇಲ್ಲಲ್ರಿ."